ಮಹರ್ ಬರೆಯುವಾಗ ಗ್ರಾಂ ಬರೆಯಿರಿ

ಮಾನ್ಯ ಸಂಪಾದಕರೇ,

ಮುಸ್ಲಿಂ ಹೆಣ್ಣುಮಕ್ಕಳ ಹಕ್ಕು ಎಂದ ಕೂಡಲೇ ಮಾತು ತಲೆವಸ್ತ್ರಕ್ಕೋ ತಲಾಖಿಗೋ ಹೋಗಿ ನಿಲ್ಲುತ್ತದೆ. ಹೊರಗಿನವರಿಗೆ ನಮ್ಮನ್ನು ಪಾರುಮಾಡುವ ಆತುರ, ಒಳಗಿನವರಿಗೆ ‘ಎಲ್ಲ ಹಕ್ಕೂ ಎಂದೋ ಕೊಟ್ಟಾಗಿದೆ’ ಎಂಬ ನೆಮ್ಮದಿ. ಕೊಟ್ಟದ್ದು ಕಾಗದಕ್ಕೆ ಇಳಿದಿದೆಯೇ ಎಂದು ಇಬ್ಬರೂ ಕೇಳುವುದಿಲ್ಲ. ಹೊರಗಿನ ಕಣ್ಣಿಗೆ ನಾವೆಲ್ಲ ಒಂದೇ ಬುರ್ಖಾ. ಕೊಡಗಿನಲ್ಲಾದರೋ ಜಮ್ಮಾ ಮಾಪಿಳ್ಳೆ, ಮಲಯಾಳಂ ಮಾತಿನವರು, ಬ್ಯಾರಿ, ಉರ್ದು ಮನೆಮಾತಿನವರು ಎಲ್ಲರೂ ಇದ್ದೇವೆ. ಶಾಫಿ, ಹನಫಿ ಎಂದು ಧರ್ಮಶಾಸ್ತ್ರದ ಪದ್ಧತಿಯೂ ಬೇರೆ. ಕಾಫಿ ಕುಯ್ಲು ಮುಗಿದು ವಿರಾಜಪೇಟೆ, ನಾಪೋಕ್ಲು, ಸಿದ್ದಾಪುರದ ಕಡೆ ನಿಕಾಹ್‌ಗಳು ಸಾಲುಗಟ್ಟಿರುವ ಈ ಹೊತ್ತಿನಲ್ಲಿ ಎಲ್ಲರೂ ನೋಡಬೇಕಾದ್ದು ಜಮಾಅತಿನ (ಮಸೀದಿ ಸಮುದಾಯದ) ನಿಕಾಹ್ ಪುಸ್ತಕವನ್ನು, ಅಂದರೆ ಮದುವೆಯೂ ಮಹರೂ ದಾಖಲಾಗುವ ಪುಸ್ತಕವನ್ನು.

ಮದುವೆಯಲ್ಲಿ ವರ ವಧುವಿಗೆ ಕೊಡಬೇಕಾದ ಮಹರ್ ಅವಳ ಸ್ವಂತ ಆಸ್ತಿ. ಅಪ್ಪನದೂ ಅಲ್ಲ, ಅತ್ತೆಯದೂ ಅಲ್ಲ. ಹನಫಿಗಳಲ್ಲಿ ಕನಿಷ್ಠ 10 ದಿರ್ಹಮ್, ಅಂದರೆ ಸುಮಾರು 30 ಗ್ರಾಂ ಬೆಳ್ಳಿ. ಶಾಫಿಗಳಲ್ಲಿ ಕನಿಷ್ಠ ಮಿತಿ ಇಲ್ಲ. ಇಷ್ಟಕ್ಕಿಂತ ಹೆಚ್ಚಾಗಬಾರದು ಎಂಬ ಮಿತಿ ಇಬ್ಬರಲ್ಲೂ ಇಲ್ಲ. ಹಣದ ಲೆಕ್ಕದಲ್ಲಿ ಬರೆಸಿ ‘ಆಮೇಲೆ ಕೊಡುವುದು’ ಎಂದು ಬಿಟ್ಟರೆ, ಇಪ್ಪತ್ತು ವರ್ಷ ಕಳೆದ ಮೇಲೆ ಆ ಮೊತ್ತಕ್ಕೆ ಬೆಲೆ ಉಳಿದಿರುವುದಿಲ್ಲ. ಚಿನ್ನವೇ ಲೇಸು. ಹಾಗೆಂದು ‘ಒಂದು ಮಾಲೆ’ ಎಂದು ಬರೆದರೆ ಯಾವ ಮಾಲೆ ಎಂಬ ಜಗಳ ತಪ್ಪದು. ‘22 ಕ್ಯಾರೆಟ್, 40 ಗ್ರಾಂ’ ಎಂದಿರಬೇಕು, ಅಂದರೆ ಐದು ಪವನ್. ಜೊತೆಗೆ ಕೊಟ್ಟದ್ದೆಷ್ಟು, ಬಾಕಿ ಎಷ್ಟು, ಆ ಬಾಕಿ ಕೇಳಿದಾಗ ಕೊಡುವುದೋ, ವಿಚ್ಛೇದನ ಇಲ್ಲವೇ ಸಾವಿನ ನಂತರವೋ ಎಂಬುದೂ ಬೇಕು.

ಬಾಕಿ ಮಹರ್ ಗಂಡನ ಸಾಲ. ಅವನು ತೀರಿಕೊಂಡರೆ ಆಸ್ತಿ ಪಾಲಾಗುವ ಮೊದಲೇ ಅದು ತೀರಬೇಕು. ಹೆಂಡತಿಯ ಪಾಲು (ಮಕ್ಕಳಿದ್ದರೆ 1/8, ಇಲ್ಲದಿದ್ದರೆ 1/4) ಆಮೇಲಿನ ಮಾತು. ಇಲ್ಲಿಯೇ ಹೆಚ್ಚು ಮೋಸ: ಎಂಟನೇ ಒಂದು ಪಾಲು ತೋರಿಸಿ ಮಹರನ್ನು ಅದರಲ್ಲೇ ಕರಗಿಸಿಬಿಡುತ್ತಾರೆ. ಇಲ್ಲವೇ ಮಯ್ಯತ್ತಿನ (ಗಂಡನ ಶವದ) ಮುಂದೆ ಅಳುತ್ತ ಕೂತವಳಿಂದ ‘ಮನ್ನಾ ಮಾಡಿದೆ’ ಎನ್ನಿಸುತ್ತಾರೆ. ಅಂಥ ಸ್ಥಿತಿಯಲ್ಲಿ ಹೇಳಿಸಿದ ಮನ್ನಾ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಆದರೆ ದಾವೆಗೆ ಮೂರು ವರ್ಷದ ಗಡುವಿದೆ, ಮರೆಯಬಾರದು.

ಮೈಕಿನಲ್ಲಿ ಮೂರು ಪವನ್ ಮಹರ್ ಸಾರಿ, ಹೆಣ್ಣಿನ ಕಡೆಯಿಂದ ಐವತ್ತು ಪವನ್ ಸದ್ದಿಲ್ಲದೆ ಇಸಿದುಕೊಳ್ಳುವ ಧರ್ಮನಿಷ್ಠೆಯ ಬಗ್ಗೆ ಏನು ಹೇಳುವುದು! 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮಹರನ್ನು ಮಾತ್ರ ಹೊರಗಿಟ್ಟಿದೆ. ಕೇಳಿ ಪಡೆದ ಚಿನ್ನವನ್ನಲ್ಲ. ಮನಸ್ಸಾರೆ ಕೊಟ್ಟದ್ದಾದರೂ 1985ರ ನಿಯಮದಂತೆ ಪಟ್ಟಿ ಬೇಕು: ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ವಧೂವರರ ಸಹಿ. ವಧುವಿಗೆ ಬಂದದ್ದರ ಪಟ್ಟಿ ಅವಳ ಹತ್ತಿರವೇ ಇರಬೇಕು. ಗಲ್ಫ್ ವೀಸಾಕ್ಕೆಂದು ಅವಳ ಚಿನ್ನ ಅಡವಿಟ್ಟರೆ ಬ್ಯಾಂಕಿನ ಸಾಲ ಅವಳ ಹೆಸರಿನಲ್ಲಿರಲಿ, ಚೀಟಿ ಅವಳ ಕೈಯಲ್ಲಿರಲಿ. ಗಂಡನ ಹೆಸರಲ್ಲಿಟ್ಟ ಚಿನ್ನ ತನ್ನದೆಂದು ಸಾಧಿಸಲು ಅವಳಿಗೆ ಆ ಪಟ್ಟಿ ಆಧಾರವಾಗುತ್ತದೆ.

ನಿಕಾಹ್ ಒಂದು ಕರಾರು, ಷರತ್ತು ಬರೆಸಬಹುದು. ಗಂಡ ಮತ್ತೊಂದು ಮದುವೆಯಾದರೆ ತಾನೇ ತಲಾಖ್ ಹೇಳಿಕೊಳ್ಳುವ ಅಧಿಕಾರವನ್ನು ಹೆಂಡತಿಗೆ ಕೊಡುವ ತಫ್ವೀಜ್ ಷರತ್ತನ್ನು ನಮ್ಮ ನ್ಯಾಯಾಲಯಗಳೂ ಒಪ್ಪಿವೆ. ಶಾಫಿಗಳು ಮಸೀದಿಯ ಧರ್ಮಗುರುಗಳಾದ ಖತೀಬರಲ್ಲಿ ಒಕ್ಕಣೆ ಕೇಳಿ ಬರೆಸುವುದು ಒಳ್ಳೆಯದು.

ಇನ್ನು ನೋಂದಣಿ. ವಕ್ಫ್ ಮಂಡಳಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರ ನೀಡಿದ್ದ 2023ರ ಸರ್ಕಾರಿ ಆದೇಶಕ್ಕೆ ಹೈಕೋರ್ಟ್ 2024ರ ನವೆಂಬರಿನಲ್ಲಿ ತಡೆ ಕೊಟ್ಟಿತು. ಹಾಗಾಗಿ ಜಮಾಅತಿನ ಪತ್ರವೊಂದನ್ನೇ ನೆಚ್ಚದೆ, ರಾಜ್ಯದ 1976ರ ಕಾಯ್ದೆಯಡಿ ಉಪನೋಂದಣಿ ಕಚೇರಿಯಲ್ಲೂ ನೋಂದಾಯಿಸಿ. ಪಾಸ್‌ಪೋರ್ಟ್, ಪಿಂಚಣಿ, ಜೀವನಾಂಶದ ಅರ್ಜಿಗಳಲ್ಲಿ ಉಪಯೋಗಕ್ಕೆ ಬರುತ್ತದೆ.

ಜಮಾಅತ್ ಕಮಿಟಿಯವರಲ್ಲಿ ಒಂದು ವಿನಂತಿ. ಶಾಫಿ ನಿಕಾಹಿನಲ್ಲಿ ಮಾತಾಡುವವರು ವಲಿ (ವಧುವಿನ ಪರವಾಗಿ ನಿಲ್ಲುವ ತಂದೆ ಅಥವಾ ಪೋಷಕ) ಮತ್ತು ವರ. ಮದುಮಗಳು ಮದುವೆ ಮಂಟಪದಲ್ಲಿ ಇರುವುದೇ ಅಪರೂಪ. ಪುಸ್ತಕ ಮಲಯಾಳಂ ಅಥವಾ ಉರ್ದುವಿನಲ್ಲಿದ್ದು ಅವಳು ಓದಿದ್ದು ಕನ್ನಡ ಶಾಲೆಯಲ್ಲಾದರೆ, ಹಿಂದಿನ ದಿನವೇ ಪುಟವನ್ನು ಅವಳ ಕೋಣೆಗೆ ಒಯ್ದು ಕನ್ನಡದಲ್ಲಿ ಓದಿ ಹೇಳಿ. ಅವಳ ಸಹಿಗೆ ಜಾಗವಿಲ್ಲದಿದ್ದರೆ ಅಂಚಿನಲ್ಲೇ ಹಾಕಿಸಿ, ಮುದ್ರೆ ಒತ್ತಿದ ನಕಲನ್ನು ಅವಳ ಕೈಗೇ ಕೊಡಿ.

– ಓದುಗರು, ವಿರಾಜಪೇಟೆ