ಮಗಳಿಗೊಂದು ಪತ್ರ: ಬೆಂಕಿ ಆರಿದ ಮೇಲೆ ಬಂದ ಕಾಗದಗಳು

ಕಾಸರಗೋಡು

ಪ್ರೀತಿಯ ಮಗಳೇ,

ಅಮೆರಿಕದ ಒಕ್ಲಹೋಮ ರಾಜ್ಯದ ಟುಲ್ಸಾ ನಗರದಲ್ಲಿ ಬಿಳಿಯರ ಗುಂಪು ಕಪ್ಪು ಜನರ ಪೇಟೆಯನ್ನು ಸುಟ್ಟ ಹತ್ಯಾಕಾಂಡದ ಬಗ್ಗೆ ನೀನು ಕಳಿಸಿದ ಪ್ರಬಂಧದ ಕರಡು ಓದಿದೆ. 1921ರ ಮೇ 31ರ ರಾತ್ರಿ ಮತ್ತು ಜೂನ್ 1ರಂದು ನಡೆದದ್ದನ್ನು ಚೆನ್ನಾಗಿ ಬರೆದಿದ್ದೀ. ಜೂನ್ 2ರಿಂದ ಏನಾಯಿತು ಎನ್ನುವುದಕ್ಕೆ ಮಾತ್ರ ಒಂದೇ ಪ್ಯಾರಾ. ನೂರು ವರ್ಷದ ಹಿಂದಿನ ಗಲಭೆಗೂ ಇವತ್ತಿನ ಬಡತನಕ್ಕೂ ಏನು ಸಂಬಂಧ ಅಂತ ನಿನ್ನ ಮೇಷ್ಟ್ರು ಕೇಳಿದ್ದಾರಲ್ಲ, ಅದಕ್ಕೆ ಉತ್ತರ ಇರುವುದು ಆ ಒಂದು ಪ್ಯಾರಾದೊಳಗೆ. ಅದನ್ನು ಬಿಡಿಸಿ ಬರೆ.

ಗ್ರೀನ್‌ವುಡ್ ಎಂಬ ಕಪ್ಪು ಜನರ ಪೇಟೆಯಲ್ಲಿ ಸುಟ್ಟದ್ದು ಸುಮಾರು 35 ಬ್ಲಾಕು. ರೆಡ್‌ಕ್ರಾಸ್ ಲೆಕ್ಕ ಹಾಕಿದ ಮನೆಗಳು 1,256. ಸತ್ತವರ ಸರಕಾರಿ ಲೆಕ್ಕ 36, ಇತಿಹಾಸಕಾರರ ಅಂದಾಜು 300ರವರೆಗೂ ಹೋಗುತ್ತದೆ. ಬದುಕಿದ ಸಾವಿರಾರು ಜನರನ್ನು ಸಭಾಂಗಣದಲ್ಲಿ, ಜಾತ್ರೆ ಮೈದಾನದಲ್ಲಿ ಕೂಡಿಹಾಕಿದರು. ಬಿಳಿಯ ಧಣಿಯೊಬ್ಬ ಬಂದು ಇವನು ನನ್ನ ಆಳು ಅಂದರೆ ಬಿಡುಗಡೆ. ಮನೆ ಸುಟ್ಟವರು ಹೊರಗೆ, ಮನೆ ಕಳಕೊಂಡವರು ಒಳಗೆ.

ಆಮೇಲೆ ಶುರುವಾದದ್ದು ಕಾಗದದ ಕೆಲಸ. ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಗಲಭೆಯಿಂದಾದ ನಷ್ಟಕ್ಕೆ ಹಣ ಇಲ್ಲ ಎಂಬ ಷರತ್ತು ಇತ್ತು. ನಡೆದದ್ದಕ್ಕೆ 'ಗಲಭೆ' ಅಂತ ಹೆಸರಿಟ್ಟ ಮೇಲೆ ಕಂಪೆನಿಗಳು ಕೈತೊಳೆದುಕೊಂಡವು. ಗ್ರೀನ್‌ವುಡ್‌ನಲ್ಲಿ ಥಿಯೇಟರು, ಹೋಟೆಲು ಕಟ್ಟಿಸಿದ್ದ ರೆಡ್‌ಫರ್ನ್ ಎಂಬವನು ಸ್ವತಃ ಬಿಳಿಯ. ಅವನೂ 1926ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸೋತ. ನಗರಾಡಳಿತದ ಮುಂದೆ ಬಿದ್ದ ಪರಿಹಾರದ ಅರ್ಜಿಗಳ ಮೊತ್ತ 18 ಲಕ್ಷ ಡಾಲರ್. ಸಿಕ್ಕಿದ್ದು ಬಂದೂಕು ಕಳಕೊಂಡ ಒಬ್ಬ ಬಿಳಿಯ ಗಿರವಿ ಅಂಗಡಿಯವನಿಗೆ. ಬೆಂಕಿ ಆರಿ ವಾರ ಕಳೆಯುವ ಮೊದಲೇ ಆಡಳಿತ ಹೊಸ ನಿಯಮ ತಂದಿತು: ಸುಟ್ಟ ಜಾಗದಲ್ಲಿ ಕಟ್ಟುವುದಾದರೆ ಬೆಂಕಿ ಹಿಡಿಯದ ಸಾಮಗ್ರಿಯಲ್ಲೇ ಕಟ್ಟಬೇಕು. ಕೇಳಲಿಕ್ಕೆ ಎಷ್ಟು ಕಾಳಜಿಯ ಮಾತು! ಕೈಯಲ್ಲಿ ಕಾಸಿಲ್ಲದವನು ಅಂಥ ಮನೆ ಕಟ್ಟಲಾರ, ಜಾಗ ಮಾರಿ ಹೋಗುತ್ತಾನೆ ಎಂಬುದು ಒಳಗಿನ ಲೆಕ್ಕ. ಬಿ.ಸಿ. ಫ್ರಾಂಕ್ಲಿನ್ ಎಂಬ ಕಪ್ಪು ವಕೀಲರು ಟೆಂಟಿನಲ್ಲೇ ಆಫೀಸು ಹಾಕಿ ಈ ನಿಯಮವನ್ನು ಕೋರ್ಟಿನಲ್ಲಿ ಬೀಳಿಸಿದರು. ಅಷ್ಟರಲ್ಲಿ ತಿಂಗಳುಗಳು ಉರುಳಿದ್ದವು. ಎಷ್ಟೋ ಸಂಸಾರಗಳು ಚಳಿಗಾಲವನ್ನು ಟೆಂಟಿನಲ್ಲೇ ಕಳೆದವು.

ಮನೆ ಎಂದರೆ ಅಡವಿಡಲಿಕ್ಕೆ ಇರುವ ಆಸ್ತಿ ಕೂಡ. ಅದಿದ್ದರೆ ಸಾಲ, ಸಾಲವಿದ್ದರೆ ಅಂಗಡಿ, ಮಕ್ಕಳ ಕಾಲೇಜು. 1930ರ ದಶಕದಲ್ಲಿ ಅಮೆರಿಕದ ಸರಕಾರಿ ಗೃಹಸಾಲ ಸಂಸ್ಥೆ 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿ, 'ಅಪಾಯದ' ವಠಾರಗಳಿಗೆ ಕೆಂಪು ಬಳಿಯಿತು. ಕಪ್ಪು ಜನ ವಾಸವಿದ್ದ ಕಡೆಗೆ ಬಿದ್ದದ್ದು ಹೆಚ್ಚಾಗಿ ಆ ಬಣ್ಣವೇ. 1934ರಲ್ಲಿ ಶುರುವಾದ ಸರಕಾರಿ ಗೃಹಸಾಲ ವಿಮೆಯೂ ಅಂಥ ಜಾಗಗಳನ್ನು ದೂರ ಇಟ್ಟಿತು. ಈ ಭೇದವನ್ನು ಕಾನೂನು ನಿಷೇಧಿಸಿದ್ದು 1968ರಲ್ಲಿ. ನಿಷೇಧಿಸಿತು ನಿಜ, ನಡುವೆ ತಪ್ಪಿಹೋದ ಆಸ್ತಿಯನ್ನು ತುಂಬಿಕೊಡಲಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯ ಪ್ರಕಾರ ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಈ ಅಂತರವೆಲ್ಲ ಟುಲ್ಸಾದಿಂದ ಬಂತು ಅಂತ ಬರೆಯಬೇಡ. ಶಾಲೆ, ಸಂಬಳ, ಜೈಲು ಎಲ್ಲ ಅದರಲ್ಲಿವೆ. ಹಾಗೆ ಬರೆದರೆ ಮೇಷ್ಟ್ರು ಒಂದೇ ಪ್ರಶ್ನೆಯಲ್ಲಿ ನಿನ್ನನ್ನು ಮುಗಿಸುತ್ತಾರೆ. ಸುಟ್ಟದ್ದು ಯಾಕೆ ಮತ್ತೆ ಚಿಗುರಲಿಲ್ಲ ಎಂಬುದಷ್ಟೇ ನಿನ್ನ ವಿಷಯ.

ಪರಿಹಾರದ ಭಾಗದಲ್ಲಿ ಕೋರ್ಟಿನ ದಾರಿಯನ್ನೂ ಶಾಸನಸಭೆಯ ದಾರಿಯನ್ನೂ ಬೇರೆ ಬೇರೆಯಾಗಿ ನೋಡು. 2001ರಲ್ಲಿ, ಈ ಹತ್ಯಾಕಾಂಡದ ತನಿಖೆಗೆ ಒಕ್ಲಹೋಮ ನೇಮಿಸಿದ ಆಯೋಗವೇ ಪರಿಹಾರ ಕೊಡಿ ಎಂದಿತು, ಕೊಡಲಿಲ್ಲ. 2024ರ ಜೂನ್‌ನಲ್ಲಿ, ಬದುಕುಳಿದಿದ್ದ ಇಬ್ಬರು ಅಜ್ಜಿಯರ ದಾವೆಯನ್ನು ಆ ರಾಜ್ಯದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು: ನೋವು ನ್ಯಾಯವಾದದ್ದೇ, ಆದರೆ ನೀವು ಹಿಡಿದ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ ಎಂಬ ಧಾಟಿಯಲ್ಲಿ. ಫ್ಲಾರಿಡಾದ ರೋಸ್‌ವುಡ್‌ನಲ್ಲಿ 1923ರಲ್ಲಿ ಇಂಥದ್ದೇ ನಡೆದಿತ್ತು. ಅಲ್ಲಿ 1994ರಲ್ಲಿ ಶಾಸನಸಭೆ ಕಾಯ್ದೆ ಮಾಡಿ, ಬದುಕುಳಿದವರಿಗೆ ತಲಾ 1,50,000 ಡಾಲರ್‌ವರೆಗೆ ಕೊಟ್ಟಿತು, ಅವರ ವಂಶದವರ ಓದಿಗೆ ವಿದ್ಯಾರ್ಥಿವೇತನವನ್ನೂ ಇಟ್ಟಿತು. ವಿಶ್ವಸಂಸ್ಥೆ 2005ರಲ್ಲಿ ಒಪ್ಪಿದ ಪರಿಹಾರ ತತ್ವಗಳು ಐದು ಬಗೆ ಹೇಳುತ್ತವೆ: ಕಳೆದದ್ದನ್ನು ಮರಳಿಸುವುದು, ಹಣ, ಪುನರ್ವಸತಿ, ಸತ್ಯ ಒಪ್ಪಿ ಕ್ಷಮೆ ಕೇಳುವುದು, ಮತ್ತೆ ಆಗದಂತೆ ಖಾತರಿ. ಟುಲ್ಸಾಕ್ಕೂ ರೋಸ್‌ವುಡ್‌ಗೂ ಇವುಗಳಲ್ಲಿ ಯಾವುದು ಸಿಕ್ಕಿತು, ಯಾವುದಿಲ್ಲ ಅಂತ ನೋಡು. ಪ್ರಬಂಧದ ಅರ್ಧ ಅಲ್ಲೇ ಸಿದ್ಧವಾಗುತ್ತದೆ.

ಇನ್ನು ನಮ್ಮೂರಿನ ಭಾಗ. ಜಾತಿಭೇದವೂ ಮೈಬಣ್ಣದ ಭೇದವೂ ಒಂದೇ ಅಂದುಬಿಡಬೇಡ. 1965ರ ಜನಾಂಗೀಯ ತಾರತಮ್ಯ ವಿರೋಧಿ ಒಪ್ಪಂದದಲ್ಲಿ ಹುಟ್ಟಿನ ಮೂಲವೂ ಸೇರಿದೆ. ಅದರಲ್ಲಿ ಜಾತಿಯೂ ಬರುತ್ತದೆ ಅಂತ ಒಪ್ಪಂದದ ಸಮಿತಿ 2002ರಲ್ಲಿ ಹೇಳಿತು, ಭಾರತ ಸರಕಾರ ಒಪ್ಪುವುದಿಲ್ಲ. ಆ ಜಗಳಕ್ಕೆ ಹೋಗದೆ, ಕಾಗದದ ಕೆಲಸ ಇಲ್ಲಿ ಹೇಗೆ ನಡೆಯಿತು ಅಂತ ನೋಡು.

ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಪೂರ್ತಿ ಜಾರಿಗೆ ಬಂತು. ಒಳ್ಳೆಯ ಕಾಯ್ದೆ, ಅನುಮಾನವಿಲ್ಲ. ಆದರೆ ಉಳುವ ಭೂಮಿ ಸಿಕ್ಕಿದ್ದು ಗೇಣಿದಾರನಿಗೆ. ಧಣಿಯ ಜಾಗದಲ್ಲಿ ಗುಡಿಸಲು ಹಾಕಿ ಕೂಲಿಗೆ ದುಡಿದವನಿಗೆ ಕುಡಿಕಿಡಪ್ಪು ಹಕ್ಕು: ಪಂಚಾಯತಿನಲ್ಲಿ 10 ಸೆಂಟ್ಸ್, ಸಣ್ಣ ಮುನಿಸಿಪಾಲಿಟಿಯಲ್ಲಿ 5. ಗೇಣಿಗೆ ಭೂಮಿ ಯಾರಿಗೆ ಕೊಡುತ್ತಿದ್ದರು, ಯಾರನ್ನು ಕೂಲಿಯಲ್ಲೇ ಇಟ್ಟಿದ್ದರು ಎಂಬುದನ್ನು ಮೊದಲೇ ತೀರ್ಮಾನಿಸಿದ್ದು ಜಾತಿ. ಆದಿವಾಸಿಗಳ ಕೈತಪ್ಪಿದ ಭೂಮಿ ಮರಳಿಸಲು 1975ರಲ್ಲಿ ಕಾಯ್ದೆ ಬಂತು, ಅದರ ನಿಯಮಗಳು ಬಂದದ್ದು 1986ರಲ್ಲಿ. 1999ರ ಹೊಸ ಕಾಯ್ದೆಯಂತೂ 2 ಹೆಕ್ಟೇರ್‌ವರೆಗಿನ ಕೃಷಿಭೂಮಿಯನ್ನು ಕೊಂಡವರಲ್ಲೇ ಉಳಿಸಿ, ಆದಿವಾಸಿಗೆ ಬೇರೆಡೆ ಭೂಮಿ ಎಂದಿತು. ಟುಲ್ಸಾದ ಪಕ್ಕದಲ್ಲಿ ಇದನ್ನಿಟ್ಟು ಓದು.

ಕೊರಗ ಎಂಬ ಆದಿವಾಸಿ ಸಮುದಾಯದ ಮೇಲಿನ ಅಜಲು ಪದ್ಧತಿ, ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸುವುದೂ ಅದರಲ್ಲಿ ಸೇರಿದ್ದು, ಕರ್ನಾಟಕದಲ್ಲಿ 2000ದ ಕಾಯ್ದೆಯಿಂದ ನಿಷಿದ್ಧ. ಆ ಕಾಯ್ದೆ ಗಡಿಯ ತಲಪಾಡಿ ದಾಟಿ ಈಚೆ ಕೇರಳಕ್ಕೆ ಬರುವುದಿಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕೊರಗರಿಗೆ ಇರುವುದು 1989ರ ಕೇಂದ್ರದ ಪರಿಶಿಷ್ಟ ಜಾತಿ-ಪಂಗಡ ದೌರ್ಜನ್ಯ ತಡೆ ಕಾಯ್ದೆ. ತಿನ್ನಬಾರದ್ದನ್ನು ಬಾಯಿಗೆ ಹಾಕಿಸುವುದು, ಭೂಮಿಯಿಂದ ಒಕ್ಕಲೆಬ್ಬಿಸುವುದು ಎರಡೂ ಅದರಲ್ಲಿ ಅಪರಾಧ.

ನಿನ್ನ ಕಾಲೇಜಿನ ಕಾನೂನು ನೆರವು ಕೇಂದ್ರಕ್ಕೆ ಇಂಥ ದೂರು ಬಂದರೆ ಕೇಸು ಸೋಲುವುದು ಎಲ್ಲಿ ಅಂತ ಗೊತ್ತಿರಲಿ. ಎಫ್‌ಐಆರ್‌ನಲ್ಲಿ ಹೊಡೆದಾಟದ ಸೆಕ್ಷನ್ ಮಾತ್ರ ಹಾಕಿ ಈ ಕಾಯ್ದೆಯನ್ನು ಬಿಟ್ಟುಬಿಡುತ್ತಾರೆ. ಸಹಿ ಹಾಕುವ ಮೊದಲು ಓದಿಸಿ ಕೇಳುವುದು ದೂರುದಾರರ ಹಕ್ಕು, ಪ್ರತಿ ಉಚಿತ. ತನಿಖೆ ಡಿವೈಎಸ್‌ಪಿಗಿಂತ ಕೆಳಗಿನವರು ಮಾಡಿದರೆ ಕೋರ್ಟಿನಲ್ಲಿ ಅದೇ ತೊಡಕು. 60 ದಿನದೊಳಗೆ ಚಾರ್ಜ್‌ಶೀಟ್ ಆಗಬೇಕು. ಜಾತಿ ಹಿಡಿದು ಬೈದ ಕೇಸಿನಲ್ಲಿ ಅದು ಜನರ ಕಣ್ಣೆದುರು ನಡೆದಿರಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಅಂದದ್ದು ನಿಲ್ಲುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಎಲ್ಲಿ ನಿಂತು ಅಂದರು, ಯಾರು ಕೇಳಿಸಿಕೊಂಡರು ಎಂಬುದು ಮೊದಲ ಹೇಳಿಕೆಯಲ್ಲೇ ಬರಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಸ್ಪೀಡ್ ಪೋಸ್ಟ್ ಮಾಡಿಸಿ, ರಶೀದಿ ಇಟ್ಟುಕೊಳ್ಳಿ.

ಭೂಮಿಯ ತಕರಾರಾದರೆ ವಿಲೇಜ್ ಆಫೀಸಿನ ತಂಡಪ್ಪೇರ್ (ಜಾಗ ಯಾರ ಹೆಸರಲ್ಲಿದೆ ಎಂಬ ದಾಖಲೆ), ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಪಟ್ಟಯ ಎಂಬ ಹಕ್ಕುಪತ್ರ, ಸಬ್‌ರಿಜಿಸ್ಟ್ರಾರ್ ಆಫೀಸಿನ ಋಣಭಾರ ಪತ್ರ (ಇಸಿ), ಈ ಮೂರನ್ನೂ ಎದುರಿಟ್ಟು ಹೆಸರು ಯಾವ ವರ್ಷ ಬದಲಾಯಿತು ಅಂತ ಹುಡುಕಬೇಕು. ಆಫೀಸಿನಲ್ಲಿ ಫೈಲು ಸಿಗುವುದಿಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿ: ಫೀಸು 10 ರೂಪಾಯಿ, ಗಡುವು 30 ದಿನ. ಮಲಯಾಳದಲ್ಲೇ ಬರೆದು ತನ್ನಿ ಅಂತ ಯಾರಾದರೂ ವಾಪಸು ಕಳಿಸಿದರೆ, ಕೇರಳದ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಕೊಟ್ಟ ಹಕ್ಕನ್ನು ಹೆಸರಿಸಿ ಕನ್ನಡದಲ್ಲೇ ಕೊಡಿ. ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕು ಅಂತ ಆ ಕಾಯ್ದೆಯಲ್ಲಿದೆ.

ಎರಡನೇ ಕರಡು ಆದಾಗ ಕಳಿಸು.

ನಿನ್ನ ಅಮ್ಮ