ಹತ್ತು ಲಕ್ಷ ಕೊಟ್ಟೆವು, ನಿಮ್ಮೆಲ್ಲರಿಂದ

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ನಮ್ಮ ಓಪನ್ ರೇಟಿಂಗ್ ಚೆಸ್ ಟೂರ್ನಿಯ (ರೇಟಿಂಗ್ ಅಂದರೆ ಆಟಗಾರರ ಬಲ ತೋರಿಸುವ ಅಂಕ) ಐದನೇ ಸಲದ ಲೆಕ್ಕ ಮೊನ್ನೆ ರಾತ್ರಿ ಮುಗಿಯಿತು. ಬಹುಮಾನ 10 ಲಕ್ಷ ರೂಪಾಯಿ ಎಂದು ಪೋಸ್ಟರ್‌ನಲ್ಲಿ ಹಾಕಿದ್ದೆವು. ಅಷ್ಟೂ ದುಡ್ಡು ಗೆದ್ದವರ ಖಾತೆ ಸೇರಿದೆ. ಯಾರಿಗೂ ಬಾಕಿ ಇಲ್ಲ. 2019ರಲ್ಲಿ ಒಂದೂವರೆ ಲಕ್ಷ ಬಹುಮಾನ, 132 ಆಟಗಾರರು ಅಂತ ಶುರುವಾದ ಟೂರ್ನಿ ಇದು. ಈ ವರ್ಷ, ಅಂದರೆ 2025ರ ಜುಲೈನಲ್ಲಿ, 438 ಜನ ಕೂತು ಆಡಿದರು.

ಹೆಸರು ಹಾಕಬೇಡಿ ಅಂತ ಕೆಲವರು ಮೊದಲೇ ಹೇಳಿಬಿಟ್ಟಿದ್ದಾರೆ. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ. ಓದಿದಾಗ ಅವರವರಿಗೆ ಗೊತ್ತಾಗುತ್ತದೆ.

ಮೊದಲ ನಮಸ್ಕಾರ ಬಹುಮಾನ ಸಿಗದೆ ಮನೆಗೆ ಹೋದವರಿಗೆ. ಇದು ಬಾಯಿಮಾತಿಗೆ ಹೇಳುತ್ತಿರುವುದಲ್ಲ, ಲೆಕ್ಕದ ಪುಸ್ತಕ ನೋಡಿ ಹೇಳುತ್ತಿರುವುದು. ಸುಮಾರು 30 ಜನಕ್ಕೆ ಎಂಟ್ರಿ ಫೀಸ್ ಇರಲಿಲ್ಲ. ಉಳಿದವರು ತಲಾ 2,500 ರೂಪಾಯಿ ಕಟ್ಟಿದರು. ಅಲ್ಲಿಗೇ 10 ಲಕ್ಷದ ಮೇಲೆ ಸ್ವಲ್ಪ ಆಯಿತು. ಅಂದರೆ ಬಹುಮಾನದ ದುಡ್ಡು ಆಟಗಾರರದ್ದೇ. ಟೂರ್ನಿಯಲ್ಲಿ ಮುಂದಿರುವವರು ಮೊದಲ ಬೋರ್ಡ್‌ಗಳಲ್ಲಿ, ಹಿಂದಿರುವವರು ಕೆಳಗಿನ ಬೋರ್ಡ್‌ಗಳಲ್ಲಿ ಕೂರುತ್ತಾರೆ. ಮೊದಲ ಬೋರ್ಡ್‌ನಲ್ಲಿ ಗೆದ್ದವರ ಚೆಕ್ಕಿನಲ್ಲಿ ಇನ್ನೂರನೇ ಬೋರ್ಡ್‌ನಲ್ಲಿ ಸೋತ ಹುಡುಗನ ಅಪ್ಪನ ದುಡ್ಡೂ ಇದೆ. ಅಮೆರಿಕದ ವರ್ಲ್ಡ್ ಓಪನ್ ಚೆಸ್ ಟೂರ್ನಿ 1973ರಿಂದ ಇಷ್ಟು ವರ್ಷ ನಡೆದು ಬಂದಿದ್ದೇ ಹೀಗೆ. ಅದನ್ನು ಕಟ್ಟಿದ ಬಿಲ್ ಗಾಯ್ಚ್‌ಬರ್ಗ್ ದೊಡ್ಡ ಕಂಪನಿಗಳಿಗಿಂತ ಸಾಮಾನ್ಯ ಆಟಗಾರರನ್ನೇ ಹೆಚ್ಚು ನಂಬಿದರು. ರೇಟಿಂಗ್ ನೋಡಿ ಬೇರೆ ಬೇರೆ ವಿಭಾಗ ಮಾಡಿ, ಪ್ರತಿ ವಿಭಾಗಕ್ಕೂ ದೊಡ್ಡ ಬಹುಮಾನ ಇಟ್ಟರು. ಜನ ತಾವಾಗಿ ಬಂದರು. ನಮ್ಮಲ್ಲೂ ದೆಹಲಿ ಓಪನ್ ಬಹುಮಾನ 2018ರಲ್ಲಿ ಒಂದು ಕೋಟಿ ರೂಪಾಯಿ ದಾಟಿದ್ದು ಎ, ಬಿ, ಸಿ ಅಂತ ಮೂರು ವಿಭಾಗ ಇದ್ದಿದ್ದರಿಂದಲೇ. ಗ್ರ್ಯಾಂಡ್‌ಮಾಸ್ಟರ್‌ಗಳಿಂದ ಟೂರ್ನಿಗೆ ಹೆಸರು ಬರುತ್ತದೆ. ಟೂರ್ನಿ ನಿಲ್ಲುವುದು ಮಾತ್ರ ಕೆಳಗಿನ ಬೋರ್ಡ್‌ಗಳ ಮೇಲೆ.

ಇನ್ನು ಹಾಲ್, ತೀರ್ಪು ನೀಡುವ ಆರ್ಬಿಟರ್‌ಗಳು, ಅವರ ಊಟ ವಸತಿ, ಬೋರ್ಡು ಗಡಿಯಾರಗಳ ಬಾಡಿಗೆ, ರೇಟಿಂಗ್ ಶುಲ್ಕ ಎಲ್ಲ ಸೇರಿ ಇನ್ನೊಂದು ಆರು ಲಕ್ಷದ ಮೇಲಾಯಿತು. ಅದನ್ನು ಕೊಟ್ಟವರು ಊರಿನ 61 ಜನ. ಒಬ್ಬರು ಒಂದು ಲಕ್ಷ ಕೊಟ್ಟರು. ಬಸ್ ಸ್ಟ್ಯಾಂಡ್ ಹತ್ತಿರ ಹೂವು ಮಾರುವ ಅಕ್ಕ 500 ಕೊಟ್ಟರು. ಅವರ ಮಗಳು ನಮ್ಮ ಕ್ಲಬ್ಬಿನಲ್ಲಿ ಆಡುತ್ತಾಳೆ. ರಸೀದಿ ಬರೆಯುವಾಗ ನನ್ನ ಕೈ ಸ್ವಲ್ಪ ನಡುಗಿತು. ಹನಿಗೂಡಿದರೆ ಹಳ್ಳ ಅಂತಾರಲ್ಲ, ಅದನ್ನು ಈ ವರ್ಷ ಕಣ್ಣಾರೆ ಕಂಡೆ.

ಯಾರಿಂದಲೂ ಒಂದು ಲಕ್ಷಕ್ಕಿಂತ ಜಾಸ್ತಿ ತಗೊಳ್ಳಬಾರದು ಅಂತ ಒಂದು ನಿಯಮ ಮಾಡಿಕೊಂಡಿದ್ದೇವೆ. ಯಾಕೆ ಅಂತ ಕೆಲವರು ಕೇಳಿದರು. ಅದಕ್ಕೆ 2023ರ ಕಥೆ ಹೇಳಲೇಬೇಕು.

ಆ ವರ್ಷ ಬಹುಮಾನ 5 ಲಕ್ಷ. ಅದರಲ್ಲಿ ಎರಡೂವರೆ ಲಕ್ಷ ಕೊಡುತ್ತೇವೆ ಅಂತ ಒಂದು ಸಂಸ್ಥೆ ಒಪ್ಪಿಕೊಂಡಿತ್ತು. ಬಾಯಿಮಾತಿನ ಮೇಲೆ ಪೋಸ್ಟರ್ ಹೊಡೆಸಿಬಿಟ್ಟೆವು. ಟೂರ್ನಿಗೆ 11 ದಿನ ಇರುವಾಗ ಅವರು ಫೋನ್ ಮಾಡಿ, ಈ ಸಲ ಆಗುವುದಿಲ್ಲ ಅಂದರು. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. 'ಎಂಟ್ರಿ ಎಷ್ಟು ಬರುತ್ತದೋ ನೋಡಿಕೊಂಡು ಬಹುಮಾನ' ಅಂತ ಪೋಸ್ಟರ್ ತಿದ್ದಿಬಿಡಿ, ಎಲ್ಲರೂ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಒಬ್ಬರು ಸಲಹೆ ಕೊಟ್ಟರು. ಆದರೆ ಅಷ್ಟರಲ್ಲಿ ಬೆಳಗಾವಿಯಿಂದ, ಮಂಗಳೂರಿನಿಂದ ಜನ ರೈಲು ಬಸ್ಸಿಗೆ ಟಿಕೆಟ್ ಮಾಡಿಸಿ ಆಗಿತ್ತು. ಐದು ಲಕ್ಷ ಅಂತ ನೋಡಿಯೇ ಅವರು ಹೊರಟವರು, ಅಲ್ವಾ?

ಆ ರಾತ್ರಿ ನನ್ನ ತಲೆಯಲ್ಲಿ ಲಾಸ್ ವೇಗಾಸ್‌ನ ಮಿಲಿಯನೇರ್ ಚೆಸ್ ಅನ್ನುವ ಟೂರ್ನಿಯ ಕಥೆ ಓಡುತ್ತಿತ್ತು. 2014ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಮಾರಿಸ್ ಆ್ಯಶ್ಲಿ ಮತ್ತು ಉದ್ಯಮಿ ಏಮಿ ಲೀ ಅದನ್ನು ಶುರು ಮಾಡಿದರು. ಎಂಟ್ರಿ ಫೀಸ್ 1,000 ಡಾಲರ್, ಬಹುಮಾನ 10 ಲಕ್ಷ ಡಾಲರ್. ಎಷ್ಟೇ ಜನ ಬರಲಿ, ಅಷ್ಟು ಕೊಟ್ಟೇ ಕೊಡುತ್ತೇವೆ ಅಂತ ಗ್ಯಾರಂಟಿ. ವೆಸ್ಲಿ ಸೋ ಒಂದು ಲಕ್ಷ ಡಾಲರ್ ಗೆದ್ದರು. ಆದರೆ ಆ ಗ್ಯಾರಂಟಿಗೆ ಸಾಕಾಗುವಷ್ಟು ಎಂಟ್ರಿ ಬರಲಿಲ್ಲ. ಮೂರನೇ ವರ್ಷ ಬಹುಮಾನ ಕಡಿಮೆ ಮಾಡಿ ಅಟ್ಲಾಂಟಿಕ್ ಸಿಟಿಗೆ ಹೋದರು. ಆಮೇಲೆ ಅದು ನಿಂತೇ ಹೋಯಿತು. ಅಂಥವರಿಗೇ ಹಾಗಾದರೆ ನಾವ್ಯಾವ ಲೆಕ್ಕ ಅನ್ನಿಸಿತು.

ಮರುದಿನ ಬೆಳಿಗ್ಗೆ ನಮ್ಮ ಮೇಷ್ಟ್ರು ಮನೆಗೆ ಬಂದರು. ರಿಟೈರ್ ಆಗಿ ಹತ್ತು ವರ್ಷದ ಮೇಲಾಗಿದೆ. ಈಗಲೂ ಸಂಜೆ ಮಕ್ಕಳಿಗೆ ಚೆಸ್ ಹೇಳಿಕೊಡುತ್ತಾರೆ. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಪೋಸ್ಟರ್ ತಿದ್ದಬೇಡ್ರಪ್ಪ" ಅಂದರು. ಎಫ್‌ಡಿ ಮುರಿಸಿ ಒಂದೂವರೆ ಲಕ್ಷ ತಂದಿದ್ದರು. ಹಳೇ ಬಟ್ಟೆ ಚೀಲದಲ್ಲಿ, ಪೇಪರ್ ಸುತ್ತಿ. ಸಾಲ ಅಂತಲೇ ತಗೊಳ್ಳಿ, ಬಡ್ಡಿ ಬೇಡ, ಆದಾಗ ಕೊಡಿ ಅಂದರು. ಕಮಿಟಿಯ ಐದು ಜನ ತಲಾ ಹತ್ತು ಸಾವಿರ ಹಾಕಿದೆವು. ಉಳಿದ ಐವತ್ತು ಸಾವಿರಕ್ಕೆ ನಾಲ್ಕು ದಿನ ಅಂಗಡಿ ಅಂಗಡಿ ತಿರುಗಿದೆವು.

1972ರಲ್ಲಿ ಅಮೆರಿಕದ ಫಿಷರ್ ಮತ್ತು ರಷ್ಯಾದ ಸ್ಪಾಸ್ಕಿ ನಡುವಿನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯ ಇನ್ನೇನು ನಿಂತೇ ಹೋಗುತ್ತದೆ ಅನ್ನುವಾಗ ಲಂಡನ್ನಿನ ಜಿಮ್ ಸ್ಲೇಟರ್ ಅನ್ನುವವರು ತಮ್ಮ ಕೈಯಿಂದ 1,25,000 ಡಾಲರ್ ಹಾಕಿ ಬಹುಮಾನವನ್ನು ಎರಡು ಪಟ್ಟು ಮಾಡಿದ್ದರು. ಫಿಷರ್ ವಿಮಾನ ಹತ್ತಿದ್ದು ಆಮೇಲೆ. ಸ್ಲೇಟರ್ ದೊಡ್ಡ ಹಣಕಾಸಿನ ವ್ಯವಹಾರದವರು. ನಮ್ಮ ಮೇಷ್ಟ್ರ ಹತ್ತಿರ ಇದ್ದಿದ್ದು ಆ ಎಫ್‌ಡಿ ಮತ್ತು ಪೆನ್ಷನ್. ನನ್ನ ಮಟ್ಟಿಗೆ ಮೇಷ್ಟ್ರು ಕೊಟ್ಟಿದ್ದೇ ದೊಡ್ಡದು.

ಆ ವರ್ಷ ಆರ್ಬಿಟರ್‌ಗಳು ತಮ್ಮ ಸಂಭಾವನೆಯನ್ನು ಎರಡು ತಿಂಗಳು ಬಿಟ್ಟು ತಗೊಂಡರು. ಪ್ರಿಂಟಿಂಗ್ ಪ್ರೆಸ್ ಅಣ್ಣ ಬಿಲ್ ಕಳಿಸಲೇ ಇಲ್ಲ, ನಾವೇ ಹೋಗಿ ಕೇಳಿ ಕೊಟ್ಟೆವು. ಇದನ್ನೆಲ್ಲ ಆಗಲೇ ಹೇಳಬೇಕಿತ್ತು. ಹೇಳುವ ಧೈರ್ಯ ಇರಲಿಲ್ಲ. ಟೂರ್ನಿ ಕಷ್ಟದಲ್ಲಿದೆ ಅಂತ ಗೊತ್ತಾದರೆ ಮುಂದಿನ ವರ್ಷ ಜನ ಬರುವುದಿಲ್ಲವೇನೋ ಅನ್ನುವ ಭಯ ಇತ್ತು. ಅದಕ್ಕೇ 2024ರಲ್ಲಿ ಬಹುಮಾನ ಏರಿಸಲಿಲ್ಲ. ಐದು ಲಕ್ಷಕ್ಕೇ ನಿಲ್ಲಿಸಿ, ಮೊದಲು ಸಣ್ಣ ಸಣ್ಣ ದಾನಿಗಳನ್ನು ಹುಡುಕಿದೆವು. ಕೈಯಲ್ಲಿ ದುಡ್ಡು ಬಂದ ಮೇಲೇ ಈ ವರ್ಷ ಪೋಸ್ಟರ್ ಹೊಡೆಸಿದ್ದು.

ಕಲ್ಯಾಣ ಮಂಟಪದ ಮಾಲೀಕರಿಗೆ ಬಹಳ ಋಣಿ. ಆಷಾಢದಲ್ಲಿ ಮದುವೆ ಇರುವುದಿಲ್ಲ. ಆ ದಿನಗಳಲ್ಲಿ ಮಂಟಪ ಖಾಲಿ ಇರುತ್ತದೆ ಅಂತ ಐದು ದಿನಕ್ಕೆ ಅರ್ಧ ಬಾಡಿಗೆಗೆ ಕೊಟ್ಟರು. ಆದರೆ ಆಷಾಢದಲ್ಲಿ ಶಾಲೆಗಳಿಗೆ ರಜೆ ಇಲ್ಲ. ಮಕ್ಕಳನ್ನು ಬಿಟ್ಟುಕೊಟ್ಟ ಹೆಡ್‌ಮಾಸ್ಟರ್‌ಗಳಿಗೆ, ತಾವೂ ಕೆಲಸಕ್ಕೆ ರಜೆ ಹಾಕಿ ಹೊರಗೆ ಬೆಂಚಿನ ಮೇಲೆ ಕಾದು ಕೂತ ತಂದೆ ತಾಯಂದಿರಿಗೆ ಏನು ಹೇಳಿದರೂ ಕಡಿಮೆಯೇ.

ಆರನೇ ಸುತ್ತು ನಡೆಯುವಾಗ ಕರೆಂಟ್ ಹೋಯಿತಲ್ಲ, ಅದು ನನಗೆ ಮರೆಯುವುದಿಲ್ಲ. ಸಂಜೆ, ಹೊರಗೆ ಮಳೆ, ಮೋಡ. ಹಾಲ್ ಪೂರ್ತಿ ಕತ್ತಲು. ಇನ್ನೂರಕ್ಕೂ ಹೆಚ್ಚು ಬೋರ್ಡ್. ಆಟಗಾರರ ಟೈಮ್ ಎಣಿಸುವ ಗಡಿಯಾರಗಳು ಬ್ಯಾಟರಿ ಮೇಲೆ ಓಡುತ್ತವೆ, ಕರೆಂಟ್ ಹೋದರೂ ಟೈಮ್ ನಿಲ್ಲುವುದಿಲ್ಲ. ಚೀಫ್ ಆರ್ಬಿಟರ್ ಒಂದೇ ಒಂದು ಸಲ ಕೂಗಿ, ಗಡಿಯಾರ ನಿಲ್ಲಿಸಿ ಅಂದರು. ಕಾಲೇಜಿನ ಹುಡುಗ ಹುಡುಗಿಯರು ಮೊಬೈಲ್ ಟಾರ್ಚ್ ಹಿಡಿದು ಒಂದೊಂದು ಸಾಲಿಗೆ ಒಬ್ಬೊಬ್ಬರು ಓಡಿದರು. ಟಕ್, ಟಕ್, ಟಕ್ ಅಂತ ಗುಂಡಿ ಒತ್ತುವ ಸದ್ದು ಹಾಲ್ ಉದ್ದಕ್ಕೂ ಸಾಗಿತು. ಒಬ್ಬರೂ ಕಾಯಿ ಮುಟ್ಟಲಿಲ್ಲ, ಒಬ್ಬರೂ ಜಗಳ ತೆಗೆಯಲಿಲ್ಲ. ಜನರೇಟರ್ ಅಣ್ಣ ನೆನೆದುಕೊಂಡೇ ಹೋಗಿ ನಾಲ್ಕು ನಿಮಿಷದಲ್ಲಿ ಲೈಟ್ ಬರಿಸಿದರು. ಆಟ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು. ಆ ನಾಲ್ಕು ನಿಮಿಷಕ್ಕೆ ಆಟಗಾರರೆಲ್ಲರಿಗೂ ಕೈ ಮುಗಿಯುತ್ತೇನೆ.

ಅಡುಗೆಯವರಿಗೆ, ರಾತ್ರಿ ಕೂತು ಪೇರಿಂಗ್ (ಯಾರಿಗೆ ಯಾರು ಎದುರು ಅನ್ನುವ ಪಟ್ಟಿ) ಹಾಕಿದವರಿಗೆ, ರೈಲ್ವೆ ಸ್ಟೇಷನ್ನಿನಿಂದ ಮಂಟಪದವರೆಗೆ ಆಟಗಾರರನ್ನು ಪುಕ್ಕಟೆ ಕರೆತಂದ ಆಟೋದವರಿಗೆ, ಎಲ್ಲರಿಗೂ ನಮಸ್ಕಾರ. ಜಮಾ ಖರ್ಚಿನ ಪಟ್ಟಿಯನ್ನು ಕ್ಲಬ್ಬಿನ ಬಾಗಿಲಿಗೆ ಅಂಟಿಸಿದ್ದೇವೆ. ಯಾರು ಬೇಕಾದರೂ ಬಂದು ನೋಡಬಹುದು, ಕೇಳಬಹುದು.

ಮೇಷ್ಟ್ರಿಗೆ ಹೋದ ವರ್ಷ ಐವತ್ತು ಸಾವಿರ ವಾಪಸ್ ಕೊಟ್ಟಿದ್ದೆವು. ಉಳಿದ ಒಂದು ಲಕ್ಷವನ್ನು ಮೊನ್ನೆ ಲೆಕ್ಕ ಮುಗಿದ ಮೇಲೆ ಅವರ ಮನೆಗೇ ಹೋಗಿ ಕೊಟ್ಟೆವು. ಕನ್ನಡಕ ಹಾಕಿಕೊಂಡು ಎಣಿಸಿದರು. ಅದರಲ್ಲಿ ಹತ್ತು ಸಾವಿರ ಬೇರೆ ತೆಗೆದು ನನ್ನ ಕೈಗಿಟ್ಟರು. "ಸರ್ಕಾರಿ ಶಾಲೆಯ ನಾಲ್ಕು ಮಕ್ಕಳಿಗೆ ಮುಂದಿನ ವರ್ಷದ ಎಂಟ್ರಿ ಬರ್ಕೊಳ್ಳಿ" ಅಂದರು. ಬರೆದುಕೊಂಡಿದ್ದೇವೆ. 2026ರ ಪುಟದ ಮೊದಲ ಸಾಲು ಅದೇ.