ತಮಾಷೆ ಸುದ್ದಿಗೆ ಇನ್ನೆರಡು ಸಾಲು ಸೇರಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕೊನೆಯ ಪುಟದಲ್ಲಿ ಇಂಟರ್ನೆಟ್‌ನಿಂದ ಹೆಕ್ಕಿ ತಂದ ತಮಾಷೆ ಸುದ್ದಿಗಳ ಬಾಕ್ಸ್ ಒಂದು ಬರುತ್ತದೆ. ಪತ್ರಿಕೆಯನ್ನು ಅಲ್ಲಿಂದಲೇ ಓದಲು ಶುರು ಮಾಡುವವರೂ ಇದ್ದಾರೆ. ಅದರ ಮೇಲೆ ಇರುವ ತಕರಾರು ಒಂದೇ: ಸ್ವಾರಸ್ಯ ಶುರುವಾಗುವ ಹೊತ್ತಿಗೆ ಸುದ್ದಿ ಮುಗಿದುಹೋಗಿರುತ್ತದೆ. ಏನಾಯಿತು ಅನ್ನುವುದು ಇರುತ್ತದೆ, ಹೇಗಾಯಿತು ಅನ್ನುವುದು ಇರುವುದಿಲ್ಲ. ‘ಹೇಗೆ’ ಬಿಟ್ಟುಹೋದ ಮೇಲೆ ನಿಜವೂ ಸುಳ್ಳೂ ಒಂದೇ ಥರ ಕಾಣುತ್ತವೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಕೆಲಸವನ್ನು ವಾಟ್ಸ್‌ಆ್ಯಪ್ ಗುಂಪುಗಳು ಆಗಲೇ ಚೆನ್ನಾಗಿ ಮಾಡುತ್ತಿವೆ. ಪತ್ರಿಕೆ ಪ್ರತಿ ಸುದ್ದಿಗೂ ಇನ್ನೆರಡು ಸಾಲನ್ನು ಕಾರಣಕ್ಕೆಂದೇ ಮೀಸಲಿಡಲಿ.

‘ಹಾಡು ಹಾಕಿದರೆ ಲ್ಯಾಪ್‌ಟಾಪ್ ಕೆಡುತ್ತದೆ’ ಎಂಬ ಸುದ್ದಿಯನ್ನೇ ನೋಡಿ. ಹಾಡು ಜಾನೆಟ್ ಜಾಕ್ಸನ್ ಅವರ 1989ರ ‘ರಿದಮ್ ನೇಷನ್’. 2022ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ಈ ಹಳೆಯ ಪ್ರಸಂಗವನ್ನು ಬರೆದ ಮೇಲೆ ಅದು ಜಗತ್ತು ಸುತ್ತಿತು. ಸುತ್ತುತ್ತಾ ಸುತ್ತುತ್ತಾ ಹಾಡು ವೈರಸ್ ಆಯಿತು, ಲ್ಯಾಪ್‌ಟಾಪ್ ಹೋಗಿ ಮೊಬೈಲ್ ಬಂತು. ನಡೆದದ್ದು ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ. ಕಂಪ್ಯೂಟರ್ ತಯಾರಿಕಾ ಕಂಪನಿಯೊಂದರ ಕೆಲವು ಮಾದರಿಯ ಲ್ಯಾಪ್‌ಟಾಪ್‌ಗಳಲ್ಲಿ ಈ ಹಾಡಿನ ವಿಡಿಯೊ ಹಾಕಿದರೆ ಯಂತ್ರ ಕ್ರ್ಯಾಶ್ ಆಗುತ್ತಿತ್ತು. ಬೇರೆ ಕಂಪನಿಗಳ ಯಂತ್ರಗಳಲ್ಲೂ ಅದೇ ಗತಿ. ಇನ್ನೂ ಮಜವೆಂದರೆ, ಹಾಡು ಒಂದರಲ್ಲಿ ಬರುತ್ತಿದ್ದರೆ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದ ಲ್ಯಾಪ್‌ಟಾಪ್ ಕೂಡ ಕೈಕೊಡುತ್ತಿತ್ತು. ಫೈಲ್‌ನಲ್ಲಿ ವೈರಸ್ ಇದ್ದಿದ್ದರೆ ಪಕ್ಕದ ಯಂತ್ರಕ್ಕೆ ಏನೂ ಆಗಬಾರದಿತ್ತಲ್ಲ. ಅಲ್ಲಿಗೆ ಅಪರಾಧಿ ಸದ್ದೇ ಎಂದಾಯಿತು.

ಆ ಯಂತ್ರಗಳೊಳಗಿದ್ದದ್ದು ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ತಿರುಗುವ ತಟ್ಟೆಯ ಮೇಲೆ, ಕೂದಲೆಳೆಗಿಂತಲೂ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ, ಓದುವ ಹೆಡ್ ತೇಲುತ್ತಿರುತ್ತದೆ. ಪ್ರತಿ ವಸ್ತುವಿಗೂ ತನ್ನದೇ ಆದ ಒಂದು ಸಹಜ ಕಂಪನಾಂಕ ಇರುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಸಣ್ಣಗೆ ತಳ್ಳಿದರೂ ಜೀಕು ಏರುತ್ತಾ ಹೋಗುವ ಹಾಗೆ, ಹೊರಗಿನ ಸದ್ದಿನ ಕಂಪನಾಂಕ ಇದಕ್ಕೆ ಹೊಂದಿಕೊಂಡರೆ ಸಣ್ಣ ಸದ್ದಿಗೂ ಭಾರಿ ನಡುಕ ಹುಟ್ಟುತ್ತದೆ. ಆ ಡಿಸ್ಕ್ ಮಾದರಿಗೆ ಹೊಂದುವ ಒಂದು ಸ್ವರ ಈ ಹಾಡಿನಲ್ಲಿತ್ತು. ಹೆಡ್ ಗೆರೆ ತಪ್ಪಿತು, ಓದುವ ಕೆಲಸ ನಿಂತಿತು, ಯಂತ್ರ ಮಲಗಿತು. ಕಂಪನಿ ಡಿಸ್ಕ್ ಬದಲಿಸಲು ಹೋಗದೆ, ಆ ಕಂಪನಾಂಕವನ್ನು ಹುಡುಕಿ ಸೋಸಿಬಿಡುವ ಫಿಲ್ಟರ್ ಒಂದನ್ನು ಆಡಿಯೊ ದಾರಿಯಲ್ಲಿ ಕೂರಿಸಿತು. ಇವತ್ತಿನ ಮೊಬೈಲ್‌ನಲ್ಲಾಗಲಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ನಲ್ಲಾಗಲಿ ತಿರುಗುವ ತಟ್ಟೆಯೇ ಇಲ್ಲ, ಆದ್ದರಿಂದ ಹಾಡನ್ನು ಧಾರಾಳವಾಗಿ ಕೇಳಬಹುದು. ಭದ್ರತಾ ದೋಷಗಳ ಪಟ್ಟಿಯಲ್ಲಿ ಇದಕ್ಕೆ ಸಿವಿಇ-2022-38392 ಎಂಬ ಅಧಿಕೃತ ನಂಬರ್ ಕೂಡ ಸಿಕ್ಕಿದೆ. ಹಾರ್ಡ್ ಡಿಸ್ಕ್‌ಗೆ ಕಿವಿ ಇದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ಬೇಕಿದ್ದರೆ, 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕ್‌ಗಳ ಸಾಲಿನ ಎದುರು ನಿಂತು ಗಟ್ಟಿಯಾಗಿ ಕಿರುಚಿದ ವಿಡಿಯೊ ಇದೆ. ಕಿರುಚಿದ ಕ್ಷಣದಲ್ಲೇ ಡಿಸ್ಕ್‌ಗಳು ತಡವರಿಸಿದ್ದು ಗ್ರಾಫ್‌ನಲ್ಲಿ ಮುಳ್ಳಿನಂತೆ ಎದ್ದು ಕಾಣುತ್ತದೆ.

‘ಗಂಗ್ನಮ್ ಸ್ಟೈಲ್ ಯೂಟ್ಯೂಬನ್ನೇ ಮುರಿಯಿತು’ ಎನ್ನುವುದು ಇನ್ನೊಂದು. 2014ರ ಡಿಸೆಂಬರ್‌ನಲ್ಲಿ ಆ ವಿಡಿಯೊದ ವೀಕ್ಷಣೆ 214 ಕೋಟಿ 74 ಲಕ್ಷ 83 ಸಾವಿರದ 647ನ್ನು ದಾಟಿದ್ದು ನಿಜ. ಅಷ್ಟೊಂದು ಕರಾರುವಾಕ್ಕಾದ ಸಂಖ್ಯೆಯೇ ಯಾಕೆ ಎಂಬುದು ಮಾತ್ರ ಇಂಥ ಸುದ್ದಿಯಲ್ಲಿ ಇರುವುದಿಲ್ಲ. ಎಣಿಕೆಗೆ 32 ಬಿಟ್‌ಗಳ (ಸೊನ್ನೆ ಅಥವಾ ಒಂದು ಮಾತ್ರ ಹಿಡಿಸುವ ಮನೆಗಳ) ಜಾಗ ಇಟ್ಟರೆ, ಒಂದು ಬಿಟ್ ಧನವೋ ಋಣವೋ ಎಂಬ ಗುರುತಿಗೆ ಹೋಗುತ್ತದೆ. ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದೇ. ಎರಡನ್ನು ಎರಡರಿಂದ ಗುಣಿಸುತ್ತಾ 31 ಎರಡುಗಳ ಗುಣಲಬ್ಧಕ್ಕೆ ಬನ್ನಿ, ಅದರಲ್ಲಿ ಒಂದು ಕಳೆಯಿರಿ, ಕ್ಯಾಲ್ಕುಲೇಟರಿನಲ್ಲೇ ಸಿಗುತ್ತದೆ. ಅದಕ್ಕೆ ಇನ್ನೊಂದು ಕೂಡಿಸಿದರೆ ಎಣಿಕೆ ಋಣ ಸಂಖ್ಯೆಗೆ ಹೊರಳುತ್ತದೆ. ಆದರೆ ಏನೂ ಮುರಿಯಲಿಲ್ಲ. ಎಂಜಿನಿಯರ್‌ಗಳು ಮೊದಲೇ ಎಚ್ಚೆತ್ತು 64 ಬಿಟ್‌ಗೆ ಬದಲಾಯಿಸಿದ್ದರು. ಮೌಸನ್ನು ಎಣಿಕೆಯ ಮೇಲೆ ಇಟ್ಟರೆ ಅಂಕಿಗಳು ಗಿರಗಿರನೆ ತಿರುಗುವಂತೆ ಮಾಡಿದ್ದು ಅವರದೇ ಕುಚೋದ್ಯ.

ಈಗ ಸುಳ್ಳಿನ ಕಡೆಗೆ ಬರೋಣ. ಸಿಡ್ ಮೀಯರ್ ಅವರ 1991ರ ‘ಸಿವಿಲೈಸೇಷನ್’ ಎಂಬ ಕಂಪ್ಯೂಟರ್ ಆಟದಲ್ಲಿ ಗಾಂಧೀಜಿ ಅಣುಬಾಂಬ್ ಹಾಕುತ್ತಾರೆ ಎಂಬ ಕತೆಗೆ ಸಾವಿರ ಮೀಮ್‌ಗಳಿವೆ. ಜೊತೆಗೆ ಬರುವ ವಿವರಣೆಯೂ ಬಹಳ ಠಾಕುಠೀಕು: ಗಾಂಧೀಜಿಯ ಆಕ್ರಮಣಶೀಲತೆಗೆ 1 ಅಂಕ ಕೊಟ್ಟಿದ್ದರಂತೆ, ದೇಶ ಪ್ರಜಾಪ್ರಭುತ್ವಕ್ಕೆ ತಿರುಗಿದಾಗ 2 ಅಂಕ ಕಡಿತವಂತೆ, ಋಣ ಸಂಖ್ಯೆಗೆ ಜಾಗವಿಲ್ಲದ 8 ಬಿಟ್‌ನ ಡಬ್ಬಿಯಲ್ಲಿ ಅದು ಹಿಂದಕ್ಕೆ ಉರುಳಿ 255 ಆಯಿತಂತೆ. ಗಾಡಿಯ ಮೀಟರ್ ಸೊನ್ನೆಯಿಂದ ಹಿಂದಕ್ಕೆ ತಿರುಗಿ ಎಲ್ಲವೂ ಒಂಬತ್ತಾದ ಹಾಗೆ. ಲೆಕ್ಕ ತಪ್ಪಿಲ್ಲ, 8 ಬಿಟ್‌ನಲ್ಲಿ ಹಾಗೆ ಆಗಿಯೇ ಆಗುತ್ತದೆ. ಅದಕ್ಕೇ ಕಂಪ್ಯೂಟರ್ ಬಲ್ಲವರೇ ಈ ಕತೆಗೆ ಹೆಚ್ಚು ಬಿದ್ದರು. ಆದರೆ 2020ರಲ್ಲಿ ಮೀಯರ್ ಅವರೇ ಬರೆದ ಪ್ರಕಾರ ಅಂಥ ದೋಷ ಆಟದಲ್ಲಿ ಇರಲೇ ಇಲ್ಲ. ಆಟ ಬರೆದ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಬೇಡವೆಂದು ಬೇರೆಯಾಗಿ ಹೇಳದಿದ್ದರೆ, ಪೂರ್ಣಾಂಕದಲ್ಲಿ ಋಣ ಸಂಖ್ಯೆಗೂ ಜಾಗ ಇರುತ್ತದೆ. ಒಂದರಲ್ಲಿ ಎರಡು ಕಳೆದರೆ ಅಲ್ಲಿ ಮೈನಸ್ ಒಂದೇ ಬರುತ್ತಿತ್ತು. ಆಟದ ನಾಯಕರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಗಾಂಧೀಜಿಯಷ್ಟೇ ಕಡಿಮೆ ಅಂಕವಿತ್ತು, ಅವರ್‍ಯಾರ ಮೇಲೂ ಇಂಥ ಕತೆ ಹುಟ್ಟಲಿಲ್ಲ. ಅಣ್ವಸ್ತ್ರ ಇರುವ ಯಾವ ನಾಯಕನಾದರೂ ಆಟದಲ್ಲಿ ಒಂದೇ ಬೆದರಿಕೆಯ ಮಾತಾಡುತ್ತಾನೆ. ಅದೇ ಮಾತು ಗಾಂಧೀಜಿಯ ಮುಖದ ಪಕ್ಕ ಬಂದಾಗ ಮಾತ್ರ ಜನರ ನೆನಪಿನಲ್ಲಿ ಅಂಟಿಕೊಂಡಿತು. ಆಟದ ಐದನೇ ಆವೃತ್ತಿಯಲ್ಲಿ, 2010ರಲ್ಲಿ, ಗಾಂಧೀಜಿಗೆ ಅಣ್ವಸ್ತ್ರದ ಒಲವನ್ನು ತಯಾರಕರು ಬೇಕೆಂದೇ ವಿಪರೀತ ಏರಿಸಿಟ್ಟರು. ಹೀಗೆ ಮುಂದೆ ಮಾಡಿದ ತಮಾಷೆ ಹಿಂದಿನ ಸುಳ್ಳಿಗೆ ಪುರಾವೆಯಾಗಿ ಕೂತಿತು.

ಅಂಕಿಗಳನ್ನು ನಂಬಲೂಬಾರದು, ಬಿಡಲೂಬಾರದು. ಬೆಲ್ಜಿಯಂನ ಸ್ಕಾರ್ಬೇಕ್‌ನಲ್ಲಿ 2003ರ ಮೇ 18ರ ಚುನಾವಣೆಯ ಎಲೆಕ್ಟ್ರಾನಿಕ್ ಎಣಿಕೆಯಲ್ಲಿ ಅಭ್ಯರ್ಥಿಯೊಬ್ಬರಿಗೆ ಎಲ್ಲಿಂದಲೋ 4,096 ಮತ ಹೆಚ್ಚು ಬಿದ್ದಿತ್ತು. ಅಷ್ಟು ಮತ ಬರುವುದು ಲೆಕ್ಕದ ಪ್ರಕಾರ ಸಾಧ್ಯವೇ ಇರಲಿಲ್ಲ, ಹಾಗಾಗಿ ಸಿಕ್ಕಿಬಿತ್ತು. 4,096 ಎಂದರೆ ಸರಿಯಾಗಿ 12 ಎರಡುಗಳ ಗುಣಲಬ್ಧ. ಬಲದಿಂದ 13ನೇ ಬಿಟ್ ಒಂದು ಸೊನ್ನೆಯಿಂದ ಒಂದಕ್ಕೆ ಹೊರಳಿದರೆ ಆಗುವ ಹೆಚ್ಚಳ ಅಷ್ಟೇ. ಮತ ಕದಿಯುವವರು 4,000 ಕದ್ದಾರು, 5,000 ಕದ್ದಾರು, ಎಣಿಸಿಕೊಂಡು 4,096 ಕದಿಯುವುದಿಲ್ಲ. ಕಾಸ್ಮಿಕ್ ಕಿರಣ ಬಡಿದು ಬಿಟ್ ಹೊರಳಿರಬಹುದು ಎಂಬುದು ಒಂದು ಸಾಧ್ಯತೆ, ಸಾಬೀತಾದ ಸಂಗತಿಯಲ್ಲ. ‘ಬಾಹ್ಯಾಕಾಶದಿಂದ ಬಂದು ಮತ ಹಾಕಿದ ಕಿರಣ’ ಎಂಬ ತಲೆಬರಹ ಕೊಟ್ಟರೂ ಒಳಗೆ ‘ಇರಬಹುದು’ ಎಂಬ ಒಂದು ಪದ ಉಳಿಯಲಿ. ಸರ್ವರ್‌ಗಳಲ್ಲಿ 64 ಬಿಟ್‌ಗೆ 8 ಬಿಟ್ ಕಾವಲು ಹಾಕಿದ ಇಸಿಸಿ ಮೆಮೊರಿ ಬಳಸುವುದು ಇದೇ ಕಾಟಕ್ಕೆ. ಒಂದು ಬಿಟ್ ಹೊರಳಿದರೆ ಅದು ತಾನೇ ತಿದ್ದಿಕೊಳ್ಳುತ್ತದೆ.

‘ಸಮುದ್ರಕ್ಕೆ ಬಿದ್ದ 28,800 ರಬ್ಬರ್ ಬಾತುಕೋಳಿಗಳು’ ಎಂಬುದು ವರ್ಷಕ್ಕೊಮ್ಮೆಯಾದರೂ ತಿರುಗಿ ಬರುವ ಸುದ್ದಿ. 1992ರ ಜನವರಿ 10ರಂದು ಪೆಸಿಫಿಕ್ ಸಾಗರದಲ್ಲಿ ಹಡಗಿನಿಂದ ಕಂಟೇನರ್‌ಗಳು ಬಿದ್ದದ್ದು, ಒಂದರಲ್ಲಿ 28,800 ಸ್ನಾನದ ಆಟಿಕೆಗಳಿದ್ದದ್ದು ಹೌದು. ಆದರೆ ನಾಲ್ಕು ಆಟಿಕೆಗಳ ಸೆಟ್ ಅದು: ಹಳದಿ ಬಾತು, ಕೆಂಪು ಬೀವರ್, ನೀಲಿ ಆಮೆ, ಹಸಿರು ಕಪ್ಪೆ. ಅಂದರೆ ಬಾತುಗಳು ಬರೀ 7,200. ರಬ್ಬರೂ ಅಲ್ಲ, ಪ್ಲಾಸ್ಟಿಕ್. ಹಿಚುಕಿದರೆ ಪೀಂ ಎನ್ನುವ ಆಟಿಕೆಯ ಹೊಟ್ಟೆಯಲ್ಲಿ ತೂತಿರುತ್ತದೆ, ನೀರು ತುಂಬಿಕೊಳ್ಳುತ್ತದೆ. ಇವುಗಳಿಗೆ ತೂತಿರಲಿಲ್ಲ, ಅದಕ್ಕೇ ವರ್ಷಗಟ್ಟಲೆ ತೇಲಿದವು. ಅದೇ ವರ್ಷದ ನವೆಂಬರ್‌ನಲ್ಲಿ ಅಲಾಸ್ಕಾದ ಸಿಟ್ಕಾ ಬಳಿ ದಡಕ್ಕೆ ಬರಲು ಶುರುವಾದ ಮೇಲೆ ಸಾಗರವಿಜ್ಞಾನಿ ಕರ್ಟಿಸ್ ಎಬ್ಸ್‌ಮೇಯರ್ ಅವುಗಳ ಜಾಡು ಹಿಡಿದು ಸಮುದ್ರ ಪ್ರವಾಹಗಳನ್ನು ಅಳೆದರು. ಕಪ್ಪೆ, ಆಮೆ, ಬೀವರ್‌ಗಳ ಪಾಲನ್ನೂ ಬಾತುಕೋಳಿಯ ಖಾತೆಗೇ ಹಾಕುವುದು ಅನ್ಯಾಯ.

‘ಕಂಪ್ಯೂಟರ್ ದೋಷಕ್ಕೆ ಬಗ್ ಎಂಬ ಹೆಸರು ಬಂದದ್ದು ಪತಂಗದಿಂದ’ ಎಂಬುದಕ್ಕೂ ಇದೇ ರೋಗ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಕಂಪ್ಯೂಟರಿನ 70ನೇ ರಿಲೇಯಲ್ಲಿ (ವಿದ್ಯುತ್ ಸ್ವಿಚ್‌ನಲ್ಲಿ) ಪತಂಗ ಸಿಕ್ಕಿದ್ದೂ, ಅದನ್ನು ಟೇಪಿನಿಂದ ದಾಖಲೆ ಪುಸ್ತಕಕ್ಕೆ ಅಂಟಿಸಿದ್ದೂ ಖರೆ. ಪಕ್ಕದಲ್ಲಿ ಬರೆದಿರುವುದನ್ನು ಓದಿ: ನಿಜವಾದ ಬಗ್ (ಹುಳ) ಸಿಕ್ಕಿದ ಮೊದಲ ಪ್ರಸಂಗ ಎಂದಿದೆ. ‘ನಿಜವಾದ’ ಎನ್ನಬೇಕಾದರೆ ಆ ಪದ ಆಗಲೇ ಬಳಕೆಯಲ್ಲಿ ಇತ್ತೆಂದು ಅರ್ಥ. ಎಡಿಸನ್ 1878ರಲ್ಲೇ ಅದನ್ನು ಬಳಸಿದ್ದಾರೆ. ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಈ ಪ್ರಸಂಗವನ್ನು ಹೇಳಿ ಹೇಳಿ ಪ್ರಸಿದ್ಧ ಮಾಡಿದರು, ಹುಳ ಹಿಡಿದವರು ಅವರಲ್ಲ.

ಇನ್ನು ನಿಮ್ಮ ಡೆಸ್ಕ್‌ನವರಿಗೆ. ಫೋಟೊ ಬಂದರೆ ಅದರ ಮೇಲಿನ ಬರಹ, ಅಂಚು, ಲೋಗೊ ಕತ್ತರಿಸಿ, ಬರೀ ಚಿತ್ರವನ್ನು, ಅದು ಇಂಟರ್ನೆಟ್‌ನಲ್ಲಿ ಬೇರೆಲ್ಲಿ ಬಂದಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಮತ್ತು ಟಿನ್‌ಐಗೆ ಹಾಕಿ. ಟಿನ್‌ಐನಲ್ಲಿ ಅತಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ಏನೂ ಸಿಗದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೊಮ್ಮೆ ಹುಡುಕಿ; ಕನ್ನಡಿಬಿಂಬ ಮಾಡಿ ಹಂಚುವುದು ಹಳೆಯ ಉಪಾಯ. ವಿಡಿಯೊ ಆದರೆ ದೃಶ್ಯ ಬದಲಾಗುವ ಕಡೆಗಳಲ್ಲಿ ನಾಲ್ಕೈದು ಸ್ಕ್ರೀನ್‌ಶಾಟ್ ತೆಗೆದು ಅದೇ ಕೆಲಸ ಮಾಡಿ. ಭಾಷಾಂತರದಲ್ಲಿ ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ ಎಂಬ ಚೀಟಿಯನ್ನು ಕಂಪ್ಯೂಟರಿಗೆ ಅಂಟಿಸಿಡಿ. 1997ರಲ್ಲಿ ‘ಟೋಕಿಯೊ ಎಕ್ಸ್‌ಪ್ರೆಸ್’ ಹಡಗಿನಿಂದ ಸಮುದ್ರಕ್ಕೆ ಬಿದ್ದ ಲೆಗೊ ತುಂಡುಗಳು ಸುಮಾರು 48 ಲಕ್ಷ. ಒಂದು ಸೊನ್ನೆ ಜಾರಿದರೆ ಅದು 4.8 ಲಕ್ಷ ಆಗಿಬಿಡುತ್ತದೆ.

ಮೂಲ ದಾಖಲೆಯ ತಾರೀಖು ಏಪ್ರಿಲ್ 1 ಆಗಿದ್ದರೆ ಎಚ್ಚರ, ಆದರೆ ಕಣ್ಣು ಮುಚ್ಚಿ ಬಿಸಾಡಬೇಡಿ. ಪಾರಿವಾಳಗಳ ಮೂಲಕ ಇಂಟರ್ನೆಟ್ ಡೇಟಾ ಸಾಗಿಸುವ ಆರ್‌ಎಫ್‌ಸಿ 1149 ಎಂಬ ಕ್ರಮಸೂತ್ರ 1990ರ ಏಪ್ರಿಲ್ 1ರ ಕೀಟಲೆ. 2001ರಲ್ಲಿ ನಾರ್ವೆಯ ಬರ್ಗೆನ್‌ನ ಲಿನಕ್ಸ್ ಬಳಗ ಅದನ್ನು ನಿಜವಾಗಿಯೂ ಮಾಡಿ ನೋಡಿತು. ಕಾಗದದ ಸುರುಳಿಯಲ್ಲಿ ಮುದ್ರಿಸಿ ಹಕ್ಕಿಯ ಕಾಲಿಗೆ ಕಟ್ಟಿ ಕಳಿಸಿದ ಪ್ಯಾಕೆಟ್ (ಡೇಟಾದ ತುಣುಕು) 9, ಉತ್ತರ ಬಂದದ್ದು 4ಕ್ಕೆ. ಅತಿ ಬೇಗ ಬಂದ ಉತ್ತರಕ್ಕೆ 53 ನಿಮಿಷ, ಅತಿ ತಡವಾದದ್ದಕ್ಕೆ 1 ಗಂಟೆ 46 ನಿಮಿಷ.

ಮುಂದಿನ ವಾರದ ಬಾಕ್ಸ್‌ಗೆ ಓದುಗರೇ ಮಾಡಿ ನೋಡಬಹುದಾದ ಒಂದು ಸರಕು ಇಲ್ಲಿದೆ. ಎಕ್ಸೆಲ್‌ನ ಖಾಲಿ ಸೆಲ್ ಒಂದರಲ್ಲಿ 60 ಎಂದು ಟೈಪ್ ಮಾಡಿ, ಕಂಟ್ರೋಲ್ ಕೀ ಜೊತೆ 1 ಒತ್ತಿ, ದಿನಾಂಕದ ಮಾದರಿ ಆರಿಸಿ. 1900ರ ಫೆಬ್ರುವರಿ 29 ಎಂದು ತೋರಿಸುತ್ತದೆ. ಅಂಥ ದಿನ ಇರಲೇ ಇಲ್ಲ: 100ರಿಂದ ಭಾಗವಾಗಿ 400ರಿಂದ ಭಾಗವಾಗದ ವರ್ಷ ಅಧಿಕ ವರ್ಷವಲ್ಲ. ಎಕ್ಸೆಲ್ ತಾರೀಖನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ, 1900ರ ಜನವರಿ 1 ಎಂದರೆ 1. ಅದಕ್ಕೂ ಮೊದಲಿದ್ದ ಲೋಟಸ್ 1-2-3 ತಂತ್ರಾಂಶ 1900ನ್ನು ಅಧಿಕ ವರ್ಷವೆಂದು ಎಣಿಸುತ್ತಿತ್ತು. ಅದರ ಫೈಲ್‌ಗಳು ಹೊಂದಿಕೊಳ್ಳಲೆಂದು ಎಕ್ಸೆಲ್ ಆ ತಪ್ಪನ್ನು ಗೊತ್ತಿದ್ದೇ ದತ್ತು ತೆಗೆದುಕೊಂಡಿತು. ಈಗ ತಿದ್ದಲು ಹೋದರೆ ಹಳೆಯ ಫೈಲ್‌ಗಳ ತಾರೀಖುಗಳೆಲ್ಲ ಒಂದೊಂದು ದಿನ ಜರುಗುತ್ತವೆ. ನಿಮ್ಮ ಫೈಲ್ 1904ರ ಮಾರ್ಚ್ 1 ತೋರಿಸಿದರೆ ಗಾಬರಿ ಬೇಡ, ಅದು ಹಳೆಯ ಮ್ಯಾಕ್‌ನ ಎಣಿಕೆ ಕ್ರಮದ ಫೈಲ್. ಗೂಗಲ್ ಶೀಟ್ಸ್‌ನಲ್ಲಿ ಅದೇ 60 ಹಾಕಿದರೆ ಫೆಬ್ರುವರಿ 28 ಬರುತ್ತದೆ. ಅಲ್ಲಿ ಎಣಿಕೆಯ ಬುಡವನ್ನೇ ಒಂದು ದಿನ ಹಿಂದಕ್ಕೆ ಎಳೆದಿದ್ದಾರೆ. 61 ಹಾಕಿದರೆ ಎರಡೂ ಮಾರ್ಚ್ 1ಕ್ಕೆ ಬಂದು ರಾಜಿಯಾಗುತ್ತವೆ.

ಇತಿ,
ಕೊನೆಯ ಪುಟದ ಓದುಗ